ಪ್ರವಾಸ, ನೀರಾಟ ಮತ್ತು ಶಿಲೀಂಧ್ರ ಸೋಂಕು: ತಡೆಯುವ ಬಗೆ



ಕಳೆದ ಚಳಿಗಾಲದಲ್ಲಿ ನಮ್ಮ ಆರೋಗ್ಯ ವಿಭಾಗಕ್ಕೆ ತಾಯಿಯೊಬ್ಬರ ಪತ್ರ ಬಂದಿತ್ತು. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗಳು ಗೆಳತಿಯರೊಡನೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ, ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದಳು. ಮನೆಗೆ ಮರಳಿದ ಮೂರನೆಯ ದಿನದಿಂದ ಗುಪ್ತಾಂಗದಲ್ಲಿ ತುರಿಕೆಯೂ ಉರಿಯೂ ಆರಂಭವಾದವು. ಆಕೆ ಯಾರಿಗೂ ಹೇಳಲಿಲ್ಲ. ಅಣ್ಣ ಹುಳುಕಡ್ಡಿಗೆಂದು ತಂದಿಟ್ಟಿದ್ದ ಮುಲಾಮನ್ನು ಕಪಾಟಿನಿಂದ ತೆಗೆದು ಹಚ್ಚಿಕೊಂಡಳು. ಎರಡು ದಿನ ಶಮನವಾಯಿತು, ಅನಂತರ ಉರಿ ಇಮ್ಮಡಿಯಾಯಿತು. ತಿಂಗಳು ಕಳೆದು, ಕುಳಿತುಕೊಳ್ಳಲಾಗದಷ್ಟು ನೋವಾದಾಗ ವಿಷಯ ತಾಯಿಗೆ ತಿಳಿಯಿತು. ಪತ್ರದ ಕೊನೆಯಲ್ಲಿ ಆ ತಾಯಿ ಎರಡು ಪ್ರಶ್ನೆಗಳನ್ನು ಕೇಳಿದ್ದರು: ಸಮುದ್ರದ ನೀರಿನಿಂದ ಈ ರೋಗ ಅಂಟಿತೇ? ಮಗಳು ನನ್ನಿಂದ ಇದನ್ನು ಏಕೆ ಮುಚ್ಚಿಟ್ಟಳು?

ಮೊದಲನೆಯ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ಎರಡನೆಯದಕ್ಕೆ ಉತ್ತರವನ್ನು ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ಹುಡುಕಬೇಕಾಗಿದೆ. ಮಠದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವರು ಸಂಕೋಚಪಡಬಹುದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಸ್ತ್ರೀದೇಹದ ಸಹಜ ಧರ್ಮವನ್ನು ಮೈಲಿಗೆಯೆಂದು ಕಾಣಬಾರದೆಂದು ಸಾರಿದ ಪರಂಪರೆ ನಮ್ಮದು. ಇಷ್ಟಲಿಂಗವನ್ನು ಧರಿಸುವ ಕಾಯದ ಯಾವ ಭಾಗವೂ ಮಾತಿಗೆ ನಿಷಿದ್ಧವಲ್ಲ. ಆದ್ದರಿಂದ ಈ ತಿಂಗಳು ಈ ವಿಷಯವನ್ನೇ ವಿವರವಾಗಿ ತಿಳಿಯೋಣ.

ಶಿಲೀಂಧ್ರ ಹೊರಗಿನಿಂದ ಬರುವುದೇ?

ಈ ಸೋಂಕಿಗೆ ಬಹುತೇಕ ಸಂದರ್ಭಗಳಲ್ಲಿ ಕಾರಣವಾಗುವುದು ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಯೀಸ್ಟ್. ಇದು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಮೊಗ್ಗೊಡೆದು ವೃದ್ಧಿಸುವ ಶಿಲೀಂಧ್ರ. ಆರೋಗ್ಯವಂತರ ಬಾಯಿ, ಕರುಳು ಮತ್ತು ಚರ್ಮದಲ್ಲಿಯೂ ಇದು ನೆಲೆಸಿರುತ್ತದೆ. ಯಾವ ತೊಂದರೆಯೂ ಇಲ್ಲದ ಮಹಿಳೆಯರಲ್ಲಿ ಶೇಕಡಾ 10ರಿಂದ 20ರಷ್ಟು ಮಂದಿಯ ಯೋನಿಯಲ್ಲಿ ಇದು ಸುಮ್ಮನೆ ವಾಸವಾಗಿರುತ್ತದೆ. ಹೀಗಿರುವಾಗ ಕ್ಯಾಂಡಿಡಾ ಇದೆ ಎಂಬುದೇ ರೋಗವಲ್ಲ. ಅದು ಮಿತಿಮೀರಿ ಬೆಳೆದು ಉರಿಯೂತವನ್ನು ಉಂಟುಮಾಡಿದಾಗ ಮಾತ್ರ ರೋಗವೆನಿಸುತ್ತದೆ.

ಅದನ್ನು ಮಿತಿಯಲ್ಲಿಡುವ ವ್ಯವಸ್ಥೆ ದೇಹದಲ್ಲಿಯೇ ಇದೆ. ಹಾಲನ್ನು ಮೊಸರಾಗಿಸುವ ಜೀವಾಣುಗಳ ಬಳಗಕ್ಕೆ ಸೇರಿದ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಯೋನಿಯಲ್ಲಿ ಹೇರಳವಾಗಿದ್ದು, ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತದೆ. ಇದರಿಂದ ಅಲ್ಲಿನ ಪಿಎಚ್ ಮಟ್ಟ 3.8ರಿಂದ 4.5ರವರೆಗೆ, ಅಂದರೆ ಸೌಮ್ಯ ಹುಳಿಯಾಗಿ, ಉಳಿಯುತ್ತದೆ. ಈ ಸಮತೋಲವೂ ದೇಹದ ರೋಗನಿರೋಧಕ ಶಕ್ತಿಯೂ ಸರಿಯಾಗಿರುವವರೆಗೆ ಕ್ಯಾಂಡಿಡಾ ತನ್ನ ಪಾಡಿಗೆ ತಾನಿರುತ್ತದೆ. ಸಮತೋಲ ಕದಡಿದಾಗ ಅದು ಎಳೆಎಳೆಯಾಗಿ ಚಾಚಿಕೊಂಡು ಒಳಪೊರೆಯನ್ನು ಕೆಣಕತೊಡಗುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ನಡತೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಇದನ್ನು ಲೈಂಗಿಕ ಸಂಪರ್ಕದ ರೋಗಗಳ ಸಾಲಿಗೆ ಸೇರಿಸುವುದಿಲ್ಲ; ಅವಿವಾಹಿತ ಯುವತಿಯರಿಗೂ ಬರುತ್ತದೆ. ವಿವಾಹಿತೆಗೆ ಬಂದಾಗ ಪತಿಗೆ ತುರಿಕೆ ಮುಂತಾದ ಲಕ್ಷಣಗಳಿಲ್ಲದಿದ್ದರೆ ಆತನಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಶಂಕೆಯಿಂದ ಮನೆಯ ಶಾಂತಿ ಕೆಡದಿರಲೆಂದು ಇದನ್ನು ಒತ್ತಿ ಹೇಳುತ್ತಿದ್ದೇವೆ.

ನೀರಿಗಿಳಿದವರಿಗೆ ಆಗುವುದೇನು?

ನೇತ್ರಾಣಿ ದ್ವೀಪವು ಮುರುಡೇಶ್ವರದ ಕಡಲತೀರದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ 19 ಕಿಲೋಮೀಟರಿನಷ್ಟು ದೂರದಲ್ಲಿದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಬೇಸಿಗೆಯ ಕೊನೆಯವರೆಗೆ, ನಾಡಿನ ಅನೇಕ ಯುವಕ ಯುವತಿಯರು ಅಲ್ಲಿ ನೀರಿಗಿಳಿಯುತ್ತಾರೆ. ತರಬೇತಿ ಇಲ್ಲದವರನ್ನು ಬೋಧಕರು ಸಾಮಾನ್ಯವಾಗಿ 12 ಮೀಟರಿಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ. ನೀರಿನಡಿಯ ಸಮಯ ಅರ್ಧ ಗಂಟೆಯ ಆಸುಪಾಸಿನದಾದರೂ, ದೋಣಿಯಲ್ಲಿ ಹೋಗಿಬರುವುದು, ಸರದಿಗಾಗಿ ಕಾಯುವುದು, ಎಲ್ಲ ಸೇರಿ ಇಡೀ ಅರ್ಧ ದಿನ ಕಳೆಯುತ್ತದೆ. ಆ ಅರ್ಧ ದಿನವೂ ಮೈಮೇಲೆ ಒದ್ದೆಯ ಬಟ್ಟೆ ಇರುವುದೇ ತೊಂದರೆಯ ಮೂಲ.

ಮುಳುಗುವವರು ಧರಿಸುವ ವೆಟ್‌ಸೂಟ್ ಎಂಬ ಬಿಗಿ ಉಡುಪನ್ನು 1952ರಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದರು. ಸೂಕ್ಷ್ಮ ಗುಳ್ಳೆಗಳಿಂದ ತುಂಬಿದ ನಿಯೋಪ್ರೀನ್ ಎಂಬ ರಬ್ಬರು ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಒಳಸೇರಿದ ತೆಳು ನೀರಿನ ಪದರವೂ ಮೈಶಾಖದಿಂದ ಬೆಚ್ಚಗಾಗುತ್ತದೆ. ನೀರಿನೊಳಗಿರುವಾಗ ಇದು ರಕ್ಷಾಕವಚ. ಆದರೆ ಮೇಲೆ ಬಂದು ಅದೇ ಉಡುಪಿನಲ್ಲಿ ಬಿಸಿಲಿಗೆ ಕುಳಿತರೆ ಬೆವರು ಆರುವುದಿಲ್ಲ, ಗಾಳಿ ಆಡುವುದಿಲ್ಲ. ತೊಡೆಸಂದಿಯ ಚರ್ಮ ನೆನೆದು ಮೆತ್ತಗಾಗುತ್ತದೆ. ರಬ್ಬರಿನ ಉಜ್ಜುವಿಕೆಗೆ ಅದರ ಮೇಲ್ಪದರ ಸವೆಯುತ್ತದೆ. ಒಣಗಿದ ಉಪ್ಪು ಅದಕ್ಕೆ ಇನ್ನಷ್ಟು ಉರಿ ಕೊಡುತ್ತದೆ. ಬಿಸಿ, ತೇವ, ತರಚು ಚರ್ಮ ಈ ಮೂರೂ ಕೂಡಿದ ಕಡೆ ಶಿಲೀಂಧ್ರಕ್ಕೆ ನೆಲೆ ಸಿದ್ಧವಾದಂತೆಯೇ.

ಇನ್ನು ತಾಯಿಯವರ ಪ್ರಶ್ನೆ. ಸಮುದ್ರದ ನೀರು ಈ ಸೋಂಕನ್ನು ಹೊತ್ತು ತರುವುದಿಲ್ಲ. ಆಳದ ಒತ್ತಡ ನೀರನ್ನು ಗರ್ಭಾಶಯಕ್ಕೆ ನುಗ್ಗಿಸುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುವುದು ನಿಜ; ಆದರೆ ಅದು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬೀಳುತ್ತದೆ. ಕಿವಿ, ಶ್ವಾಸಕೋಶದಂಥ ಗಾಳಿ ತುಂಬಿದ ಅಂಗಗಳಿಗೆ ಮಾತ್ರ ಅದು ಬಾಧಕ. ತಿಂಗಳ ಮುಟ್ಟಿನಲ್ಲಿರುವವರು ಮೈಗೆ ಹಿತವಿದ್ದರೆ ನೀರಿಗಿಳಿಯಲು ಅಡ್ಡಿಯಿಲ್ಲ. ಗರ್ಭಿಣಿಯರು ಮಾತ್ರ ಸ್ಕೂಬಾ ಡೈವಿಂಗ್ ಮಾಡಲೇಬಾರದು. ಅದಕ್ಕೆ ಕಾರಣ ಸೋಂಕಲ್ಲ, ಶಿಶುವಿಗೆ ಒತ್ತಡದ ಬದಲಾವಣೆಯಿಂದಾಗಬಹುದಾದ ಅಪಾಯ.

ನೀರು ಕುಡಿಯದಿರುವ ತಪ್ಪು

ದೋಣಿಯಲ್ಲಿ ಶೌಚಾಲಯವಿರುವುದಿಲ್ಲವೆಂದು ಅನೇಕ ಸೋದರಿಯರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ದೂರದ ಬಸ್ ಪ್ರಯಾಣದಲ್ಲಿಯೂ ಇದೇ ರೂಢಿ. ಇದರಿಂದ ಎರಡು ಕೇಡುಗಳಿವೆ. ಮೂತ್ರ ಗಟ್ಟಿಯಾಗಿ, ಬಹಳ ಹೊತ್ತು ಕಟ್ಟಿಕೊಂಡು, ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಸೋಂಕು ಉಂಟಾಗಬಹುದು. ಆ ಸೋಂಕಿಗೆ ಕೊಡುವ ಆಂಟಿಬಯಾಟಿಕ್ ಔಷಧವೇ ಮುಂದೆ ಶಿಲೀಂಧ್ರ ಸೋಂಕಿಗೆ ದಾರಿ ಮಾಡಿಕೊಡಬಹುದು. ಇದಲ್ಲದೆ ಮುಳುಗುವವರಲ್ಲಿ ನಿರ್ಜಲೀಕರಣ ಸ್ವತಃ ಅಪಾಯಕಾರಿ.

ನೀರಿನಲ್ಲಿ ಮುಳುಗಿದಾಗ ಮೂತ್ರಕ್ಕೆ ಅವಸರವಾಗುವುದು ದೇಹಧರ್ಮ. ಹೊರಗಿನ ನೀರಿನ ಒತ್ತಡದಿಂದ ಕಾಲುಗಳಲ್ಲಿನ ರಕ್ತ ಎದೆಯತ್ತ ಸರಿಯುತ್ತದೆ. ಹೃದಯದ ಮೇಲ್ಕೋಣೆಗಳು ಹಿಗ್ಗುತ್ತವೆ. ದೇಹದಲ್ಲಿ ದ್ರವ ಹೆಚ್ಚಾಯಿತೆಂದು ಭಾವಿಸಿ ಮೂತ್ರಪಿಂಡಗಳು ಹೆಚ್ಚು ಮೂತ್ರ ತಯಾರಿಸುತ್ತವೆ. ಆದ್ದರಿಂದ ಉಡುಪಿನೊಳಗೆಯೇ ಮೂತ್ರವಾಯಿತೆಂದು ನಾಚಿಕೊಳ್ಳಬೇಕಾಗಿಲ್ಲ. ನೀರಿನಲ್ಲಿರುವಾಗಲೇ ಉಡುಪಿನ ಕೊರಳನ್ನು ಸಡಿಲಿಸಿ ಹೊಸ ನೀರು ಒಳಹರಿಯುವಂತೆ ಮಾಡಬೇಕು. ಮೇಲೆ ಬಂದ ಕೂಡಲೇ ಉಡುಪನ್ನು ಕಳಚಿ ಸಿಹಿನೀರಿನಿಂದ ಮೈ ತೊಳೆಯಬೇಕು. ಮೂತ್ರ ತೊಯ್ದ ಉಡುಪಿನಲ್ಲಿ ಗಂಟೆಗಟ್ಟಲೆ ಕುಳಿತರೆ ಚರ್ಮ ಕೆಡುತ್ತದೆ.

ಪ್ರಯಾಣದ ಚೀಲದಲ್ಲಿಯೇ ಇರುವ ಕಾರಣಗಳು

ಬಟ್ಟೆಗಿಂತ ಬಲವಾದ ಕಾರಣಗಳು ಬೇರೆ ಇವೆ. ಅವುಗಳನ್ನು ಹೊರಡುವ ಮುನ್ನವೇ ಅರಿತಿರಬೇಕು.

ಮೊದಲನೆಯದು ಆಂಟಿಬಯಾಟಿಕ್. ಪ್ರವಾಸದಲ್ಲಿ ಭೇದಿಯೋ ಗಂಟಲುನೋವೋ ಆದರೆ ಔಷಧದಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ನಮ್ಮಲ್ಲಿ ಸಾಮಾನ್ಯ. ಆ ಮಾತ್ರೆ ರೋಗಕಾರಕ ಬ್ಯಾಕ್ಟೀರಿಯಾಗಳೊಡನೆ ಉಪಕಾರಿ ಲ್ಯಾಕ್ಟೊಬ್ಯಾಸಿಲಸ್‌ಗಳನ್ನೂ ಕೊಲ್ಲುತ್ತದೆ. ಶಿಲೀಂಧ್ರಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಕಾವಲಿಲ್ಲದ ಹೊಲದಲ್ಲಿ ಕಳೆ ಬೆಳೆದಂತೆ ಅದು ಬೆಳೆಯುತ್ತದೆ. ಆಫ್ರಿಕಾದಂಥ ಮಲೇರಿಯಾ ಹೆಚ್ಚಿರುವ ನಾಡುಗಳಿಗೆ ಹೋಗುವವರಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೊಡುವುದುಂಟು. ಹೊರಡುವ ಒಂದೆರಡು ದಿನ ಮೊದಲಿನಿಂದ ಮರಳಿದ ನಂತರದ 4 ವಾರಗಳವರೆಗೆ ಅದನ್ನು ಪ್ರತಿದಿನ ಸೇವಿಸಬೇಕು. ಮುಳುಗುವವರಿಗೆ ಇದನ್ನು ಸೂಚಿಸಲು ಕಾರಣವುಂಟು: ಮೆಫ್ಲೋಕ್ವಿನ್ ಎಂಬ ಇನ್ನೊಂದು ಮಲೇರಿಯಾ ಔಷಧ ತಲೆಸುತ್ತು, ಗೊಂದಲಗಳನ್ನು ಉಂಟುಮಾಡಬಲ್ಲುದಾದ್ದರಿಂದ ಅವರಿಗೆ ತಕ್ಕುದಲ್ಲ. ಆದರೆ ಡಾಕ್ಸಿಸೈಕ್ಲಿನ್ ಸೇವಿಸುವ ಮಹಿಳೆಯರಲ್ಲಿ ಶಿಲೀಂಧ್ರ ಸೋಂಕಿನ ಸಂಭವ ಹೆಚ್ಚು. ಹಿಂದೆ ಈ ತೊಂದರೆ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರು ಬೇರೆ ಮಾತ್ರೆ ಬರೆಯಬಹುದು ಅಥವಾ ಶಿಲೀಂಧ್ರದ ಔಷಧವನ್ನು ಜೊತೆಗೆ ಕೊಟ್ಟು ಕಳುಹಿಸಬಹುದು. ತಾವಾಗಿಯೇ ಮಲೇರಿಯಾದ ಮಾತ್ರೆ ಬಿಡಬಾರದು. ತುರಿಕೆಗೆ ಹೆದರಿ ಮಲೇರಿಯಾವನ್ನು ಕರೆದುಕೊಳ್ಳುವುದು ವಿವೇಕವಲ್ಲ.

ಎರಡನೆಯದು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದಾಗ ಶಿಲೀಂಧ್ರಕ್ಕೆ ಆಹಾರವೂ ಸಿಗುತ್ತದೆ, ದೇಹದ ಪ್ರತಿರೋಧವೂ ಕುಗ್ಗುತ್ತದೆ. ಪ್ರವಾಸದಲ್ಲಿ ಊಟದ ವೇಳೆ ತಪ್ಪಿ, ಪ್ರಸಾದ, ಸಿಹಿ, ತಂಪುಪಾನೀಯಗಳು ಹೆಚ್ಚಿ ಸಕ್ಕರೆ ಏರುವುದು ಸಹಜ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆದ್ದರಿಂದ ಇವನ್ನು ಸೇವಿಸುವ ಸ್ತ್ರೀಪುರುಷರಿಬ್ಬರಲ್ಲೂ ಜನನಾಂಗದ ಶಿಲೀಂಧ್ರ ಸೋಂಕು ಹೆಚ್ಚಾಗಿ ಕಾಣುತ್ತದೆ. ಇಂಥವರು ಮೂತ್ರ ವಿಸರ್ಜನೆಯ ಬಳಿಕ ನೀರಿನಿಂದ ತೊಳೆದು ಒರೆಸಿಕೊಳ್ಳುವುದನ್ನು ನಿಯಮವಾಗಿಟ್ಟುಕೊಳ್ಳಬೇಕು. ಸೋಂಕು ಪದೇಪದೇ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು. ಎಷ್ಟೋ ತಾಯಂದಿರಲ್ಲಿ ಮಧುಮೇಹದ ಮೊದಲ ಸುಳಿವು ಇದೇ ಆಗಿರುತ್ತದೆ.

ಇವಲ್ಲದೆ ಗರ್ಭಧಾರಣೆ, ಸ್ಟಿರಾಯ್ಡ್ ಮಾತ್ರೆಗಳು, ಈಸ್ಟ್ರೋಜೆನ್ ಅಂಶ ಹೆಚ್ಚಿರುವ ಗರ್ಭನಿರೋಧಕ ಗುಳಿಗೆಗಳು ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಕಾಯಿಲೆಗಳೂ ಸೋಂಕಿಗೆ ಅನುಕೂಲ ಮಾಡಿಕೊಡುತ್ತವೆ.

ಪಾಲಿಸಬೇಕಾದ ಕ್ರಮ

ಹೊರಡುವಾಗ ದಿನಕ್ಕೊಂದರಂತಲ್ಲ, ದಿನಕ್ಕೆರಡರಂತೆ ಹತ್ತಿಯ ಒಳಉಡುಪುಗಳನ್ನು ಇಟ್ಟುಕೊಳ್ಳಬೇಕು. ಒಂದು ಒಣ ಟವೆಲ್, ಬಟ್ಟೆ ಬದಲಿಸಲು ಸುತ್ತಿಕೊಳ್ಳುವಂಥ ಅಗಲವಾದ ಬಟ್ಟೆ, ಒದ್ದೆಯ ಉಡುಪಿಗೆ ಬೇರೆ ಚೀಲ, ಮೈ ತೊಳೆಯಲು ಎರಡು ಲೀಟರ್ ಸಿಹಿನೀರು ಇಷ್ಟಿದ್ದರೆ ದೋಣಿಯಲ್ಲಿಯೂ ಮರ್ಯಾದೆಯಿಂದ ಬಟ್ಟೆ ಬದಲಿಸಬಹುದು. ಗೆಳತಿಯರು ಬಟ್ಟೆ ಹಿಡಿದು ಮರೆ ಮಾಡಬಹುದು. ಮರೆಯಿಲ್ಲವೆಂಬ ಸಂಕೋಚದಿಂದ ಒದ್ದೆಯಲ್ಲಿಯೇ ಮುರುಡೇಶ್ವರದವರೆಗೆ, ಅಲ್ಲಿಂದ ಬಸ್ಸಿನಲ್ಲಿ ಊರಿನವರೆಗೆ ಬರುವುದೇ ಬಹುಮಂದಿಯ ತೊಂದರೆಗೆ ಕಾರಣ.

ನೀರಿನಿಂದ ಮೇಲೆ ಬಂದ ಬಳಿಕ ಮುಂದಿನ ಸರದಿಗೆ ಹೊತ್ತಿದ್ದರೆ ಉಡುಪನ್ನು ಸೊಂಟದವರೆಗೆ ಮಾತ್ರ ಇಳಿಸಿ ಕೂರದೆ, ಪೂರ್ಣವಾಗಿ ಕಳಚಬೇಕು. ಸಿಹಿನೀರಿನಿಂದ ತೊಡೆಸಂದಿ, ಕಂಕುಳು, ಎದೆಯ ಕೆಳಭಾಗ, ಕಾಲ್ಬೆರಳ ಸಂದುಗಳನ್ನು ತೊಳೆದು, ಉಜ್ಜದೆ ಒತ್ತಿ ಒರೆಸಿ, ಸಡಿಲವಾದ ಒಣಬಟ್ಟೆ ಧರಿಸಬೇಕು. ಬಾಡಿಗೆಗೆ ಪಡೆದ ಉಡುಪಿನ ಒಳಗೆ ತಮ್ಮದೇ ಶುಭ್ರವಾದ ಈಜುಡುಪು ಇರಲಿ. ಸ್ವಂತ ವೆಟ್‌ಸೂಟ್ ಇರುವವರು ಅದನ್ನು ಒಳಮೈ ಹೊರಗಾಗಿಸಿ, ಸಿಹಿನೀರಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು.

ತೊಳೆಯುವ ವಿಚಾರದಲ್ಲಿ ಅತಿಯೂ ಸಲ್ಲದು. ಹೊರಭಾಗಕ್ಕೆ ನೀರು ಸಾಕು. ಸುವಾಸನೆಯ ಸೋಪು, ಸುಗಂಧದ್ರವ್ಯ, ರೋಗಾಣುನಾಶಕ ದ್ರಾವಣ ಬೇಡ. ಯೋನಿಯ ಒಳಭಾಗವನ್ನು ತೊಳೆಯಲೇಬಾರದು. ಹಾಗೆ ಮಾಡಿದರೆ ಕಾವಲಿಗಿರುವ ಉಪಕಾರಿ ಜೀವಾಣುಗಳೇ ಕೊಚ್ಚಿಹೋಗುತ್ತವೆ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಒರೆಸುವುದು ಕ್ರಮ. ಮುಟ್ಟಿನ ದಿನಗಳಲ್ಲಿ ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು.

ಪಾದಯಾತ್ರಿಕರಿಗೂ ಇದೇ ಮಾತು

ಇದು ಕಡಲಿಗಿಳಿಯುವ ಯುವಜನರಿಗಷ್ಟೇ ಸಂಬಂಧಿಸಿದ ವಿಷಯವೆಂದು ಹಿರಿಯರು ಭಾವಿಸಬಾರದು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಸಹಸ್ರಾರು ಭಕ್ತರು ಬಿರುಬಿಸಿಲಿನಲ್ಲಿ ನಡೆದು ಹೋಗುತ್ತಾರೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಮಿಂದು, ಒದ್ದೆಸೀರೆಯಲ್ಲಿಯೇ ದರ್ಶನಕ್ಕೆ ನಿಲ್ಲುವ ತಾಯಂದಿರನ್ನು ನಾವು ಕಾಣುತ್ತೇವೆ. ವೆಟ್‌ಸೂಟ್ ಮಾಡುವುದನ್ನೇ ಬೆವರಿನಲ್ಲಿ ತೊಯ್ದ ಬಿಗಿ ಉಡುಪು, ಒದ್ದೆಯ ಲಂಗ, ಮೈಗಂಟಿದ ಧೋತರಗಳೂ ಮಾಡುತ್ತವೆ. ಮಿಂದ ಬಳಿಕ ಒಣಬಟ್ಟೆ ಉಟ್ಟು ದರ್ಶನಕ್ಕೆ ಹೋಗುವುದರಿಂದ ಭಕ್ತಿಗೇನೂ ಕುಂದಿಲ್ಲ.

ಶಿವದಾರದ ಬಗೆಗೂ ಒಂದು ಸೂಚನೆ. ಉಪ್ಪುನೀರಿನಲ್ಲಿಯೋ ಬೆವರಿನಲ್ಲಿಯೋ ನೆನೆದ ದಾರ ಕೊರಳನ್ನು ಉಜ್ಜಿ ಹುಣ್ಣು ಮಾಡುತ್ತದೆ. ಒದ್ದೆಯಾದ ಶಿವದಾರವನ್ನು ಬದಲಿಸಿ ಒಣಗಿದ ಹೊಸದಾರ ಧರಿಸುವುದು ಒಳಿತು. ನೀರಿಗಿಳಿಯುವಾಗ ಇಷ್ಟಲಿಂಗವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಅವರವರ ಗುರುಗಳಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಪುರುಷರಲ್ಲಿ ಇದೇ ತೇವದಿಂದ ತೊಡೆಸಂದಿಯ ಹುಳುಕಡ್ಡಿ ಬರುತ್ತದೆ. ಅದರ ಶಿಲೀಂಧ್ರ ಬೇರೆ, ಚಿಕಿತ್ಸೆಯ ಅವಧಿಯೂ ಬೇರೆ. ಬಾಡಿಗೆಯ ಒದ್ದೆ ಬೂಟುಗಳಿಂದಲೂ ಸ್ನಾನಗೃಹದ ನೆಲದಿಂದಲೂ ಕಾಲ್ಬೆರಳ ಸಂದಿಗೆ ಸೋಂಕು ಹರಡುತ್ತದೆ. ಮುಳುಗುವವರ ಕಿವಿಯ ಹೊರನಾಳದಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಬೆಳೆಯುವುದೂ ಉಂಟು. ದಿನಗಟ್ಟಲೆ ಆಳದಲ್ಲಿರುವ ಮುಳುಗುಗಾರರಿಗೆ ಅಮೆರಿಕದ ನೌಕಾಪಡೆ ಶೇಕಡಾ 2ರ ಅಸಿಟಿಕ್ ಆಮ್ಲದ ಕಿವಿಹನಿಯನ್ನು ಪ್ರತಿ ಕಿವಿಗೆ ಐದು ನಿಮಿಷ ಹಾಕಿಸುವುದು ಇದಕ್ಕಾಗಿಯೇ. ಕಿವಿಯ ತಮಟೆ ತೂತಾಗಿರುವವರು ಯಾವ ಹನಿಯನ್ನೂ ಹಾಕಬಾರದು. ಕಿವಿಗೆ ಕಡ್ಡಿ, ಪಿನ್ನು, ಕಾಯಿಸಿದ ಎಣ್ಣೆ ಯಾರಿಗೂ ಬೇಡ.

ಗುರುತಿಸುವುದು ಹೇಗೆ?

ತೀವ್ರ ತುರಿಕೆ, ಕೆಂಪಾಗಿ ಬಾತುಕೊಳ್ಳುವುದು, ಮೂತ್ರ ತಗುಲಿದಾಗ ಹೊರಭಾಗದಲ್ಲಿ ಉರಿ, ಒಡೆದ ಮೊಸರಿನಂತೆ ಗಟ್ಟಿಯಾದ ಬಿಳಿಯ ಸ್ರಾವ ಇವು ಕ್ಯಾಂಡಿಡಾ ಸೋಂಕಿನ ಲಕ್ಷಣಗಳು. ದುರ್ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಮೀನಿನಂಥ ವಾಸನೆಯ, ಬೂದು ಬಣ್ಣದ ತೆಳು ಸ್ರಾವವಿದ್ದರೆ ಅದು ಬ್ಯಾಕ್ಟೀರಿಯಾಗಳ ಏರುಪೇರು. ಹಸಿರು ಹಳದಿ ಬಣ್ಣದ ನೊರೆಯಂಥ ಸ್ರಾವವಿದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕು ಇರಬಹುದು. ಈ ಎರಡಕ್ಕೂ ಶಿಲೀಂಧ್ರದ ಔಷಧದಿಂದ ಪ್ರಯೋಜನವಿಲ್ಲ.

ಲಕ್ಷಣಗಳನ್ನು ಓದಿ ನಮಗೆ ನಾವೇ ನಿರ್ಧರಿಸುವುದು ಎಷ್ಟು ಕಷ್ಟವೆಂಬುದಕ್ಕೆ 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನಿದರ್ಶನ. ತಮಗೆ ಶಿಲೀಂಧ್ರ ಸೋಂಕೇ ಆಗಿದೆಯೆಂದು ನಂಬಿ ಅಂಗಡಿಯಿಂದ ಔಷಧ ಕೊಂಡ 95 ಮಹಿಳೆಯರನ್ನು ಪರೀಕ್ಷಿಸಿದಾಗ, ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಮಾತ್ರ ಆ ಸೋಂಕು ಇದ್ದಿತು. ಆದ್ದರಿಂದ ಮೊದಲ ಬಾರಿಗೆ ಲಕ್ಷಣ ಕಂಡವರು ವೈದ್ಯರಿಗೆ ತೋರಿಸಲೇಬೇಕು. ಗರ್ಭಿಣಿಯರು, ಮಧುಮೇಹಿಗಳು, ಜ್ವರ, ಕಿಬ್ಬೊಟ್ಟೆಯ ನೋವು, ರಕ್ತಸ್ರಾವ ಅಥವಾ ದುರ್ವಾಸನೆ ಇರುವವರು, ವರ್ಷದಲ್ಲಿ ಮೂರು ಅಥವಾ ಹೆಚ್ಚು ಬಾರಿ ಸೋಂಕು ಬಂದವರು ತಡಮಾಡಬಾರದು. ಎಲ್ಲ ಬಿಳಿಸೆರಗೂ ರೋಗವಲ್ಲವೆಂಬುದನ್ನೂ ನೆನಪಿಡಬೇಕು. ತುರಿಕೆ, ವಾಸನೆಗಳಿಲ್ಲದ ತಿಳಿಯಾದ ಸ್ರಾವ ತಿಂಗಳ ಚಕ್ರದಲ್ಲಿ ಸಹಜವಾದುದು.

ಚಿಕಿತ್ಸೆ

ರೋಗ ಖಚಿತವಾದರೆ ಚಿಕಿತ್ಸೆ ಸುಲಭ, ಅಗ್ಗ. ಕ್ಲೋಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ ಯೋನಿಯಲ್ಲಿ ಇಟ್ಟುಕೊಳ್ಳುವುದು ಒಂದು ವಿಧಾನ; ಫ್ಲುಕೊನಜೋಲ್ 150 ಮಿಲಿಗ್ರಾಂ ಮಾತ್ರೆಯನ್ನು ಒಂದೇ ಬಾರಿ ನುಂಗುವುದು ಇನ್ನೊಂದು. ಒಳಗಿಡುವ ಔಷಧಕ್ಕೆ ಅಂಜುವ ಅವಿವಾಹಿತೆಯರು ಅದನ್ನು ವೈದ್ಯರಿಗೆ ಹೇಳಿದರೆ ನುಂಗುವ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರು ಮಾತ್ರ ಫ್ಲುಕೊನಜೋಲ್ ನುಂಗಬಾರದು. ಅವರಿಗೆ 7 ದಿನಗಳ ಸ್ಥಾನಿಕ ಔಷಧವೇ ಸರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಮತ್ತು ಮಧುಮೇಹದ ಮಾತ್ರೆ ಸೇವಿಸುವವರು ವೈದ್ಯರಿಗೆ ಆ ವಿಷಯ ತಿಳಿಸಬೇಕು, ಏಕೆಂದರೆ ಫ್ಲುಕೊನಜೋಲ್ ಅಂಥ ಕೆಲವು ಔಷಧಗಳ ಪರಿಣಾಮವನ್ನು ಹೆಚ್ಚಿಸುತ್ತದೆ. ಲಕ್ಷಣಗಳು ಶಮನವಾಗಲು ಎರಡು ಮೂರು ದಿನ ಬೇಕು. ಉರಿ ಇರುವಾಗ ಬಿಗಿ ಉಡುಪು ತೊಟ್ಟು ನೀರಿಗಿಳಿಯಬಾರದು. ಮಾತ್ರೆಯನ್ನು ಮೊದಲ ಬಾರಿ ನುಂಗಿದ ದಿನವೂ ಇಳಿಯದಿರುವುದು ಮೇಲು, ಏಕೆಂದರೆ ವಾಕರಿಕೆ, ತಲೆಸುತ್ತು ಬರಬಹುದು.

ಪತ್ರದಲ್ಲಿದ್ದ ಯುವತಿಗೆ ಕೇಡಾದುದು ಕಡಲಿನಿಂದಲ್ಲ, ಆ ಮುಲಾಮಿನಿಂದ. ಹುಳುಕಡ್ಡಿಗೆಂದು ಮಾರುವ ಅನೇಕ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧದೊಡನೆ ಕ್ಲೊಬೆಟಸಾಲ್‌ನಂಥ ತೀಕ್ಷ್ಣ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ಉರಿಯನ್ನು ತಕ್ಷಣ ಅಡಗಿಸುವುದರಿಂದ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಒಳಗೆ ಚರ್ಮದ ಪ್ರತಿರೋಧವನ್ನು ಕುಗ್ಗಿಸಿ, ಅದನ್ನು ತೆಳುವಾಗಿಸಿ, ಶಿಲೀಂಧ್ರವನ್ನು ಬೆಳೆಸುತ್ತದೆ. ಮುಲಾಮು ಕೊಳ್ಳುವಾಗ ಅದರಲ್ಲಿ ಸ್ಟಿರಾಯ್ಡ್ ಇದೆಯೇ ಎಂದು ಕೇಳಿ ತಿಳಿಯಬೇಕು.

ಮನೆಮದ್ದಿನ ಬಗೆಗೂ ವಿವೇಕ ಬೇಕು. ಇದನ್ನು ಉಷ್ಣವೆಂದು ಕರೆದು ಎಳನೀರು, ಕಾಮಕಸ್ತೂರಿ ಬೀಜಗಳನ್ನು ಕೊಡುವುದು ರೂಢಿ. ಅವು ದೇಹಕ್ಕೆ ತಂಪು, ಕುಡಿಯಬಹುದು. ಆದರೆ ಶಿಲೀಂಧ್ರವನ್ನು ಅವು ನಾಶಮಾಡುವುದಿಲ್ಲ. ಮೊಸರು ಉತ್ತಮ ಆಹಾರ, ತಿನ್ನಬಹುದು. ಅದೇ ಔಷಧವೆಂದು ನಂಬಿ ಕೂರಬಾರದು, ಒಳಗೆ ಹಚ್ಚಬಾರದು. ಬೆಳ್ಳುಳ್ಳಿ, ಪಟಿಕ, ಬೇವಿನೆಣ್ಣೆ, ಅರಿಶಿನದ ಲೇಪಗಳನ್ನು ಆ ಸೂಕ್ಷ್ಮಭಾಗಕ್ಕೆ ಹಚ್ಚಿ ಸುಟ್ಟಂತೆ ಹುಣ್ಣು ಮಾಡಿಕೊಳ್ಳಬಾರದು.

ದುಡ್ಡಿಲ್ಲವೆಂದಾಗಲಿ, ಪರಿಚಿತರ ಕಣ್ಣಿಗೆ ಬಿದ್ದೇವೆಂದಾಗಲಿ ಹಿಂಜರಿಯಬೇಕಾಗಿಲ್ಲ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಸೋಂಕಿಗೆ ಔಷಧ ದೊರೆಯುತ್ತದೆ. ಕರ್ನಾಟಕದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆಮಾಡಿ ಸಲಹೆ ಪಡೆಯಬಹುದು.

ಎರಡನೆಯ ಪ್ರಶ್ನೆ

ಮಗಳು ಏಕೆ ಮುಚ್ಚಿಟ್ಟಳು ಎಂದು ಆ ತಾಯಿ ಕೇಳಿದ್ದರು. ನಾವು ಅವರಿಗೆ ಬರೆದ ಉತ್ತರದಲ್ಲಿ ಮಗಳನ್ನು ಗದರಿಸಬೇಡಿರೆಂದೂ, ಮುಂದಿನ ಪ್ರವಾಸವನ್ನು ತಡೆಯಬೇಡಿರೆಂದೂ ಕೋರಿದೆವು. ತೊಂದರೆ ಹೇಳಿಕೊಂಡರೆ ಸ್ವಾತಂತ್ರ್ಯ ಹೋಗುತ್ತದೆಂಬ ಭಯವಿದ್ದ ಕಡೆ ಮಕ್ಕಳು ತೊಂದರೆಯನ್ನು ಹೇಳುವುದಿಲ್ಲ. ನಾವು ಮಗಳಿಗೆ ಹೊರಡುವಾಗ ಬುತ್ತಿ ಕಟ್ಟಿಕೊಡುತ್ತೇವೆ, ಹಣ ಎಣಿಸಿ ಕೊಡುತ್ತೇವೆ, ತಲುಪಿದ ಕೂಡಲೇ ಫೋನ್ ಮಾಡೆನ್ನುತ್ತೇವೆ. ಅದರ ಜೊತೆಗೆ, ಒದ್ದೆಬಟ್ಟೆಯಲ್ಲಿ ಕೂರಬೇಡ ಮಗಳೇ, ಮೈಗೆ ಏನಾದರೂ ಆದರೆ ನನಗೆ ಹೇಳು, ನಾನು ಬೈಯುವುದಿಲ್ಲ ಎಂಬ ಮಾತನ್ನೂ ಕಟ್ಟಿಕೊಡೋಣ.

ಆ ಯುವತಿ ಈಗ ಗುಣಮುಖಳಾಗಿದ್ದಾಳೆ. ಬರುವ ಚಳಿಗಾಲದಲ್ಲಿ ಮತ್ತೆ ನೇತ್ರಾಣಿಗೆ ಹೋಗುವಳೆಂದೂ, ಈ ಬಾರಿ ಒಣಬಟ್ಟೆಯ ಚೀಲವನ್ನು ತಾವೇ ಸಿದ್ಧಪಡಿಸುವರೆಂದೂ ತಾಯಿ ಬರೆದಿದ್ದಾರೆ. ಸಕಲರಿಗೂ ನಿರಾಮಯ ಕಾಯವನ್ನು ಬಸವಾದಿ ಪ್ರಮಥರು ಕರುಣಿಸಲಿ.